ಬೇವಿನ ಗಿಡ ಛಲೋ ಅದ ಅಂದ್ರು

ನನಗ ಇಂಗ್ಲಿಷ್ ಬರ್ತದ ಅಂತ ಊರಾಗ ಮೊದಲು ಹೇಳಿದಾಂವ ನಾನು. ಎರಡನೇದಾಂವ ಇನ್ನೂ ಸಿಕ್ಕಿಲ್ಲ.

ಯಾದಗಿರಿ ಕಾಲೇಜಿನಾಗ ಇಂಗ್ಲಿಷ್ ತಗೊಂಡು ಬಿಎ ಮುಗಿಸಿದ್ನಿ. ಮೂರು ವರ್ಷದಾಗ ಆ ಭಾಷಾದಾಗ ಬಾಯಿ ತೆರೆದಿದ್ದು ಎರಡು ಸಲ. ಒಮ್ಮೆ ಹಾಜರಿ ಹೇಳಾಕ. ಇನ್ನೊಮ್ಮೆ ಹೊಟ್ಟಿ ತೊಳಸಿದಾಗ ಹೊರಗ ಹೋಗ್ಲ್ಯಾ ಅಂತ ಕೇಳಾಕ. ವಾಕ್ಯ ಜರಾ ಉದ್ದ ಇತ್ತು, ಅದು ಮುಗಿಯೋದ್ರೊಳಗ ಹೊರಗ ಹೋಗೋ ಜರೂರತ್ತು ಉಳೀಲಿಲ್ಲ. ಮುಂದಿನ ಬೆಂಚಿನವರು ಇವತ್ತಿಗೂ ನನ್ನ ಕೂಡ ಮಾತಾಡಂಗಿಲ್ಲ.

ಇಂಥಾ ನನ್ನನ್ನ ದುಭಾಷಿ ಮಾಡಿದ್ರು. ಕಾಲುವಿ ಬಂದು ಭಾಳ ವರ್ಷ ಆಗಿದ್ವು. ಬಂದಿತ್ತು ಅಂದ್ರ, ಮ್ಯಾಲಿನ ಊರಿಗೆ ನೀರು ಬಂದಿತ್ತು, ತೆಳಗಿನ ಊರಿಗೆ ಕಾಲುವಿ ಅಷ್ಟೇ ಬಂದಿತ್ತು. ಈ ನೀರು ನಡುವ ಎಲ್ಲಿ ಹೋಗ್ತದ ಅಂತ ನೋಡಾಕ ಇಂಗ್ಲೆಂಡಿನಿಂದ ಒಬ್ಬರು ಮೇಡಂ ಬಂದಿದ್ರು. ಅವರ ಜೋಡಿ ಬರಬೇಕಾಗಿದ್ದ ದುಭಾಷಿಗೆ ಜ್ವರ ಬಂತು. ಶಹಾಪುರದಾಗ ಒಂದು ಆಫೀಸಿನಾಗ ಟೈಪ್ ಮಾಡ್ತಿದ್ದ ನಮ್ಮ ಸೋದರಮಾವ ನನ್ನ ಹಿಡಕೊಂಡು ಬರ್ರಿ ಅಂತ ನಮ್ಮೂರು ಮುದನಾಳಕ್ಕ ಸುದ್ದಿ ಕಳಿಸಿದ.

ನಾ ಹೋದ ಕೂಡ್ಲೆ, "ನಿನಗ ಇಂಗ್ಲಿಷ್ ಬರ್ತದಲ್ಲೋ?" ಅಂದ.

"ಬರ್ತದ ಮಾವ."

"ಖರೇ?"

"ಜರಾ."

"ಸಾಕು, ಏಳು. ಇಲ್ಲಿ ಇರೋರಿಗೆ ಜರಾನೂ ಬರಂಗಿಲ್ಲ."

ಇಂಟರ್‌ವ್ಯೂ ಮುಗೀತು.

ಮೇಡಂಗೆ ಐವತ್ತರ ಮ್ಯಾಲ ವಯಸ್ಸು. ಉದ್ದ ಆಳು, ತೆಳ್ಳಗ, ತಲಿ ಮ್ಯಾಲ ಮೊರದಂಥಾ ಒಂದು ಟೋಪಿ. ಅವರ ಕೆಲಸ ನಡೆಯೋದು. ಕಾಲುವಿ ದಂಡಿ ಹಿಡಿದು ದಿನಾ ಐದು-ಆರು ಮೈಲಿ ನಡೀತಿದ್ರು, ನನಗಂತೂ ಐವತ್ತು ಮೈಲಿ ಅನಿಸ್ತಿತ್ತು. ಅಲ್ಲಲ್ಲಿ ನಿಂತು ಒಂದು ಕೋಲು ನೀರಾಗ ಇಳಿಸ್ತಿದ್ರು, ನೋಟ್‌ಬುಕ್‌ನ್ಯಾಗ ಬರೀತಿದ್ರು, ಮತ್ತ ನಡೀತಿದ್ರು. ನಾ ಹಿಂದಿಂದ ಹೊಸ ಬೂಟಿನಾಗ ಕುಂಟ್ತಿದ್ನಿ. ಎರಡನೇ ದಿನಕ್ಕ ಹಿಮ್ಮಡ ಬಾವು ಬಂದಿತ್ತು, ಮೂರನೇ ದಿನಕ್ಕ ತಲಿಯೊಳಗೂ ಬಂತು. ಎರಡು ಭಾಷಾ ಹೊತ್ತು ನಡೆಯೋದಂದ್ರ ಎರಡು ಕೊಡ ಹೊತ್ತು ನಡೆದಂಗ. ಎರಡೂ ನಂದಲ್ಲ, ಎರಡೂ ತುಳುಕ್ತಾವ, ತೋಯೋದು ಮಾತ್ರ ನಾನು.

ಜೀಪು ಹೊಡೀತಿದ್ದಾಂವ ಸುರಪುರದ ಒಬ್ಬ ಚಾಚಾ. ಮನ್ಯಾಗ ದಖನಿ, ಬಜಾರದಾಗ ಕನ್ನಡ, ಇಂಗ್ಲಿಷ್ ಅಂದ್ರ ಬ್ರೇಕು, ಕ್ಲಚ್ಚು, ಪಂಕ್ಚರು. ಇಷ್ಟರ ಮ್ಯಾಲ ಅಂವ ಮೂವತ್ತು ವರ್ಷ ತೆಗೆದಿದ್ದ. ನಾನು ಮೇಡಂ ಕೂಡ ಮಾತಾಡಿ ಬಂದು ಸೀಟಿನ ಮ್ಯಾಲ ಕೂತ್ರ ನನ್ನ ಮುಖ ನೋಡಿ, "ಕ್ಯಾ ಬೇಟಾ, ಆಜ್ ಭೀ ಪಂಕ್ಚರ್?" ಅಂತಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡಿ ಮಂದಿಗೆ ಒಂದು ಛಲೋ ಅನಿಸಲಿಲ್ಲ ಅಂದ್ರ ಅದನ್ನ ಮಾರಿ ಮ್ಯಾಲೇ ಹೇಳ್ತಾರ, ಮಾತಿನಾಗ ಹುಡುಕೋ ಜರೂರತ್ತು ಇರಂಗಿಲ್ಲ. ಕೆಲಸದ ಮೊದಲನೇ ದಿನ ನಾ ಹೊಸ ಅಂಗಿ ತೊಟ್ಟು ಹೊರಬಿದ್ದಾಗ ನಮ್ಮವ್ವ ರೊಟ್ಟಿ ಬಡೆಯೋದು ಬಿಟ್ಟು, "ಇದ್ಯಾರ ಹೆಣದ ಮ್ಯಾಲಿಂದು ತಂದೀಪಾ?" ಅಂದ್ಳು. ಶಹಾಪುರ ಬಸ್ ಸ್ಟ್ಯಾಂಡಿನಾಗ ಒಬ್ಬಾಂವ ಚಾ ಒಂದು ಗುಟುಕು ಕುಡದು, "ಏನಲೇ, ಬಿಸಿನೀರಿಗೆ ಚಾಪುಡಿ ಸುದ್ದಿ ಅಷ್ಟೇ ಹೇಳಿ ಬಂದೀಯೇನು?" ಅಂತ ಕೇಳಿದ್ದು ನಾ ಕೇಳೀನಿ. ಚಾದಂಗಡಿಯವ, "ಕುಡಿಯೋ ಮಾರಿ ನೋಡಿ ಹಾಕ್ತೀನಿ" ಅಂದ. ಇಬ್ಬರೂ ನಕ್ಕರು. ಇಂಥಾ ಊರಾಗ ಹುಟ್ಟಿದ ಕಿವಿ ನಂದು. ಯಾರಾದ್ರೂ ಬೈಲಿಲ್ಲ ಅಂದ್ರ ಹೊಗಳ್ಯಾರ ಅಂತನೇ ತಿಳ್ಕೊಂಡು ಬೆಳೆದಾಂವ ನಾ.

ಮೇಡಂ ಊಟಕ್ಕ ಒಂದು ಖಾನಾವಳಿ ಗೊತ್ತು ಮಾಡಿದ್ವಿ. ಖಾನಾವಳಿ ಅಕ್ಕ ಮೊದಲ ದಿನ ಜೋಳದ ರೊಟ್ಟಿ, ಮಡಿಕಿ ಕಾಳು ಪಲ್ಯ, ಬಾಜೂಕ ಕೆಂಪು ಖಾರದ ಚಟ್ನಿ ಇಟ್ಳು. ಮೇಡಂ ಚಟ್ನಿ ನಾಲಿಗಿಗೆ ಮುಟ್ಟಿಸಿದ್ರು. ಕಣ್ಣಾಗ ನೀರು ಬಂತು, ಮೂಗು ಕೆಂಪಾಯ್ತು, ಟೋಪಿ ತೆಗೆದ್ರು. ಆಮ್ಯಾಲ ನಕ್ಕೋತ, "ಗೋಶ್. ದಟ್ಸ್ ಕ್ವೈಟ್ ಸಂಥಿಂಗ್" ಅಂದ್ರು.

"ಏನಂದ್ರಪಾ?" ಅಕ್ಕ ಕೇಳಿದ್ಳು.

"ಇಂಥಾದ್ದು ಜೀವನದಾಗ ತಿಂದಿಲ್ಲಂತ," ಅಂದೆ. ಕಣ್ಣೀರಿಗೂ ಅರ್ಥ ಹೇಳಬೇಕಲ್ಲ ಅಂತ, "ಅವರ ಅವ್ವನ ನೆನಪು ಬಂತಂತ" ಅಂತ ಸೇರಿಸಿದ್ನಿ.

ಅಕ್ಕಗ ಕರುಳು ಚುರ್ ಅಂತು. ಮರುದಿನದಿಂದ ಮೇಡಂ ತಾಟಿನಾಗ ಎರಡು ಚಮಚ ಚಟ್ನಿ. ಮೇಡಂ ಎರಡೂ ತಿಂತಿದ್ರು. ಹನ್ನೊಂದು ದಿನ ತಿಂದ್ರು. ಹನ್ನೊಂದು ದಿನವೂ ಕಣ್ಣೀರು ಹಾಕಿ, "ಲವ್ಲಿ, ಥ್ಯಾಂಕ್ಯೂ" ಅಂದ್ರು. ಈ ಹೆಣ್ಣುಮಗಳಿಗೆ ತಾಯಿ ಮ್ಯಾಲ ಎಷ್ಟು ಪ್ರೀತಿ ಅಂತ ಖಾನಾವಳಿ ಮಂದಿ ಎಲ್ಲ ಮಾತಾಡ್ಕೊಂಡ್ರು.

ಸಗರದ ಕಡಿ ಕಾಲುವಿ ಮ್ಯಾಲಿನ ಭಾಗದಾಗ ಒಬ್ಬ ರೈತನ ಹೊಲಕ್ಕ ಹೋದ್ವಿ. ನೆಲ್ಲು ಮೊಣಕಾಲು ನೀರಾಗ ನಿಂತಿತ್ತು, ನೀರು ಬದು ಹಾರಿ ರಸ್ತೆ ಮ್ಯಾಲ ಹರೀತಿತ್ತು. ಮೇಡಂ ಭಾಳ ಹೊತ್ತು ನೋಡಿ, ಮೆತ್ತಗ ಒಂದು ಮಾತು ಅಂದ್ರು. ನಾ ಅದನ್ನ ಅಕ್ಷರಕ್ಕ ಅಕ್ಷರ ಕನ್ನಡ ಮಾಡಿದ್ನಿ: "ನೀವು ಒಂದು ಚೂರು ಕಮ್ಮಿ ನೀರು ಬಿಟ್ಟರ ಹೆಂಗಿರಬಹುದು ಅಂತ ಮೇಡಂ ತಮ್ಮಷ್ಟಕ್ಕ ತಾವು ವಿಚಾರ ಮಾಡಾಕತ್ತಾರರಿ."

ರೈತ ಮೀಸಿ ತೀಡಿದ. "ಮಾಡ್ಲಿ ಬಿಡು. ಯಾರು ಬ್ಯಾಡಂದಾರ?"

ನಾ ಮೇಡಂಗೆ ತಿರುಗಿ, "ಹಿ ಈಸ್ ಗಿವಿಂಗ್ ಪರ್ಮಿಷನ್ ಟು ಥಿಂಕ್" ಅಂದೆ. ಮೇಡಂ ನೋಟ್‌ಬುಕ್ ತೆಗೆದು ಏನೋ ಬರಕೊಂಡ್ರು. ಆಮ್ಯಾಲ ಆ ರೈತ, "ಕಾಲುವಿ ನಮ್ಮ ಹೊಲದ ಎದಿ ಮ್ಯಾಲ ಹಾಯ್ದು ಹೋಗ್ತದ, ಕುಡಿಬ್ಯಾಡ ಅಂದ್ರ ಹೊಲ ಕೇಳ್ತದೇನು? ಬಂದ ದಾರಿ ಹಿಡೀರಿ ಅಂತ ಹೇಳು ಆಕಿಗೆ" ಅಂದ. ಅದನ್ನೂ ಹೇಳಿದ್ನಿ. ಬಂದ ದಾರಿ ಹಿಡೀರಿ ಅಂದ ಅದೇ ಮನಷ್ಯಾ ನಮ್ಮನ್ನ ಹೊರಸಿನ ಮ್ಯಾಲ ಕುಂದರಿಸಿ, ಮಜ್ಜಿಗಿ ಕುಡಿಸಿ, ರೊಟ್ಟಿ ತಿನ್ನದ ಬಿಡಂಗಿಲ್ಲ ಅಂತ ಜೀಪಿಗೆ ಅಡ್ಡ ನಿಂತ. ಮೇಡಂಗೆ ಏನೂ ತಿಳೀಲಿಲ್ಲ. ನನಗೂ ಅಷ್ಟೇ. ಮೇಡಂ ಬೈದಿದ್ರು ಅಂತ ಆ ರೈತಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಬೈದ ಮೇಡಂ ಒಬ್ಬರೇ ಸುಸ್ತಾಗಿ ಕುಂತಿದ್ರು.

ಇಲ್ಲೀತನಕ ನನ್ನ ಇಂಗ್ಲಿಷಿನಿಂದ ಹಾಳಾಗಿದ್ದು ಒಬ್ಬರ ನಾಲಿಗಿ ಅಷ್ಟೇ. ಮುಂದಿಂದು ಹಂಗಲ್ಲ.

ಕೆಂಭಾವಿ ಕಡಿ, ಕಾಲುವಿ ಮುಗಿಯೋ ಜಾಗಾದಾಗ, ನಮ್ಮಪ್ಪನ ತಂಗಿನ ಕೊಟ್ಟಾರ. ಆಕಿ ಗಂಡ ವರ್ಷದಾಗ ಹತ್ತು ತಿಂಗಳು ಲಾರಿ ಮ್ಯಾಲ ಇರ್ತಾನ, ಹೊಲ ಪೂರಾ ಅತ್ತೀದು. ಅಲ್ಲಿ ಒಂದು ತೂಬು ಅದ. ತೂಬು ಅಂದ್ರ ಕಾಲುವಿಯಿಂದ ಹೊಲಕ್ಕ ನೀರು ಬಿಡೋ ಕಂಡಿ. ಆ ತೂಬಿನ ತೆಳಗ ಏಳು ಮನಿಯವರ ಹೊಲ. ಅವರ ನಡುವ ಒಂದು ಕಟ್ಟು ಅದ: ಏಳೂ ಮನಿಯವರು ಒಂದೇ ಬೆಳಿ ಹಾಕಬೇಕು. ಯಾಕಂದ್ರ ನೆಲ್ಲಿಗೆ ನೀರು ನಿಲ್ಲಬೇಕು, ತೊಗರಿಗೆ ನಿಂತ ನೀರು ಅಂದ್ರ ವಿಷ. ಒಬ್ಬ ನೆಲ್ಲು ಹಚ್ಚಿದ್ರ ಬಾಜೂ ಹೊಲದ ತೊಗರಿ ಬೇರು ಕೊಳೀತದ. ಅದ್ಕ ಹಚ್ಚಿದ್ರ ಎಲ್ಲರೂ ನೆಲ್ಲು, ಬಿತ್ತಿದ್ರ ಎಲ್ಲರೂ ತೊಗರಿ.

ಇಷ್ಟು ವರ್ಷ ತೊಗರಿನೇ ಬಿತ್ತಿದ್ರು. ಈ ಸಲ ಮ್ಯಾಲಕಡಿ ಕಾಲುವಿ ರಿಪೇರಿ ಆಗ್ಯಾದ, ನೀರು ಬರ್ತದ ಅಂತ ಗುಲ್ಲು ಎದ್ದಿತ್ತು. ಅತ್ತಿಗೆ ತನ್ನ ಹೊಲದ ಅಕ್ಕಿ ಉಣಬೇಕು ಅನ್ನೋದೊಂದು ಹುಚ್ಚು. ಒಂದೊಂದೇ ಮನಿ ಹತ್ತಿ ಇಳಿದು ನಾಕು ಮನಿಯವರನ್ನ ಒಪ್ಪಿಸಿದ್ಳು. ಇನ್ನೆರಡು ಮನಿಯವರು ಹಿಂದ ಮುಂದ ನೋಡಾಕತ್ತಿದ್ರು. ವ್ಯಾಳ್ಯಾನೂ ಇದ್ದಿಲ್ಲ. ಮಿರಗ ಮಳಿ ಮುಗೀತು, ಆರಿದ್ರಾ ಹಿಡಿದಿತ್ತು. ತೊಗರಿ ಬಿತ್ತೋದಾದ್ರ ಆರಿದ್ರಾದೊಳಗ ಬಿತ್ತಬೇಕು, ಆಮ್ಯಾಲ ಬಿತ್ತಿದ್ರ ಕಾಯಿ ತುಂಬಂಗಿಲ್ಲ. ನೆಲ್ಲು ಅಂದ್ರ ಬಾವಿ ನೀರಾಗ ಸಸಿ ಮಡಿ ಮಾಡಿಕೊಂಡು ಕಾಲುವಿ ನೀರಿಗೆ ಕಾಯಬೇಕು. ನೀರು ಬರಲಿಲ್ಲ ಅಂದ್ರ ನೆಲ್ಲೂ ಇಲ್ಲ, ತೊಗರೀನೂ ಇಲ್ಲ, ಏಳು ಮನಿಯವರ ವರ್ಷ ಬೈಲು.

ನಾವು ಹೋದಾಗ ಅತ್ತಿ ಏಳೂ ಮನಿಯವರನ್ನ ತೂಬಿನ ಬಾಜೂಕ ಬೇವಿನ ಗಿಡದ ನೆಳ್ಳಾಗ ಕೂಡಿಸಿದ್ಳು. ಮೇಡಂ ಕಡೀ ಎರಡು ಮೈಲಿ ಕಾಲುವಿ ನಡೆದು ನೋಡಿ ಬಂದಿದ್ರು. ಕಾಲುವಿ ಒಳಗ ಜಾಲಿ ಬೆಳೆದಿತ್ತು, ಸಿಮೆಂಟು ಕಿತ್ತಿತ್ತು, ಒಂದು ಆಡು ಕಾಲುವಿ ನಟ್ಟನಡುವ ಮರಿ ಹಾಕಿ ಆರಾಮ ಮಲಗಿತ್ತು. ಅತ್ತಿ ಚುರುಮುರಿ ಸುಸಲಾ ಕೊಟ್ಳು, ಚಾ ಕೊಟ್ಳು. ಆಮ್ಯಾಲ ನನ್ನ ಕಡಿ ನೋಡಿ, "ಕೇಳೋ. ಈ ವರ್ಷ ನೀರು ಬರ್ತದೋ ಇಲ್ಲೋ, ಒಂದೇ ಮಾತು" ಅಂದ್ಳು.

ಕೇಳಿದ್ನಿ. ಮೇಡಂ ಚಾದ ಕಪ್ಪಿನೊಳಗ ನೋಡಿದ್ರು. ಅವರು ಅಂದದ್ದು ಇಷ್ಟು, ನನಗ ಇವತ್ತಿಗೂ ಬಾಯಿಪಾಠ ಅದ: ಆಗಂಗೇ ಇಲ್ಲ ಅಂತ ನಾ ಹೇಳಾಕ ಹೋಗಂಗಿಲ್ಲ. ಇದು ಭಾಳ ಧೈರ್ಯದ ವಿಚಾರ. ಇವರ ಆಶಾ ಈಡೇರಲಿ ಅಂತ ಮನಸಾರೆ ಅನಿಸ್ತದ. ಈ ಬೇವಿನ ಗಿಡ ಎಷ್ಟು ಛಲೋ ಅದಲ್ಲ!

ಏಳು ಮನಿ ಕಣ್ಣು ನನ್ನ ಬಾಯಿ ಮ್ಯಾಲ. ಅಷ್ಟು ಮಂದಿ ನನ್ನ ಬಾಯಿ ನೋಡಿದ್ದು ಹುಟ್ಟಿದಾಗಿಂದ ಅದೇ ಮೊದಲು. ನಶಾ ಏರಿಬಿಡ್ತು.

"ಆಗ್ತದ ಅಂತಾರ!" ಅಂದೆ. "ಧೈರ್ಯ ಮಾಡ್ರಿ ಅಂತಾರ! ಮೇಡಂ ಮನಸು ಪೂರಾ ನಿಮ್ಮ ಕಡಿ ಅದ! ನಿಮ್ಮ ಬೇವಿನ ಗಿಡ ಸುದ್ದಾ ಛಲೋ ಅದ ಅಂತಾರ!"

ಒಬ್ಬ ಮುದುಕಪ್ಪ, ಹಿಂದ ಮುಂದ ನೋಡೋರ ಪೈಕಿ, "ಕಾಲುವಿಯೊಳಗ ಜಾಲಿ ಬೆಳೆದಾದಲ್ಲೋ ತಮ್ಮಾ, ಅದ್ಕೇನಂದ್ರು?" ಅಂತ ಕೇಳಿದ.

ಮೇಡಂ ಬರುವಾಗ ದಾರಿಯಾಗ, ಒಂದಷ್ಟು ಗಿಡಗಂಟಿ ಅದಲ್ಲ, ಅಂದಿದ್ರು. "ಹಸಿರು ಛಲೋ ಅದ ಅಂದ್ರು ಯಜ್ಜಾ," ಅಂದೆ.

ಮುದುಕಪ್ಪ ಮೇಡಂ ಮಾರಿ ನೋಡಿದ. ಮೇಡಂ ನಕ್ಕೋತ ತಲಿ ಅಲ್ಲಾಡಿಸಿದ್ರು. ಅಂವನೂ ಒಪ್ಪಿದ, ಅಂವನ್ನ ನೋಡಿ ಉಳಿದೊಂದು ಮನಿಯವರೂ ಒಪ್ಪಿದ್ರು. ಅತ್ತಿ ನನ್ನ ಗಲ್ಲ ಹಿಡಿದು, "ನಮ್ಮಣ್ಣನ ಹೊಟ್ಟ್ಯಾಗ ಒಂದಾದ್ರೂ ಶ್ಯಾಣ್ಯಾ ಹುಟ್ಟ್ಯಾದ" ಅಂದ್ಳು. ನಾ ಹೌದು ಅಂತ ನಾಚಿಕೊಂಡೆ.

ಇದಾಗಿ ಐದಾರು ದಿನದ ಮ್ಯಾಲ, ಸುರಪುರದ ಕಡಿ ಹೋದಾಗ, ಡ್ರೈವರ್ ಚಾಚಾ ನಮ್ಮನ್ನ ಮಧ್ಯಾಹ್ನ ಊಟಕ್ಕ ತನ್ನ ಮನಿಗೆ ಕರಕೊಂಡು ಹೋದ. ಮೇಡಂ ಒಳಗ ಹೆಣ್ಣುಮಕ್ಕಳ ಕೂಡ ಕುಂತಿದ್ರು. ನಾವಿಬ್ಬರು ಪಡಸಾಲಿಯಾಗ ಖಾನಾಕ್ಕ ಕುಂತಿದ್ವಿ. ಚಾಚಾ ಯಾಕೋ ಸಪ್ಪಗಿದ್ದ.

"ಹೋದ ವಾರ ನಮ್ಮ ತಂಗಿ ಮಗಳನ್ನ ನೋಡಾಕ ಗುರುಮಠಕಲ್ ಕಡಿಯಿಂದ ಬಂದಿದ್ರೋ," ಅಂದ.

"ಛಲೋ ಆಯ್ತಲ್ಲ ಚಾಚಾ. ಏನಂದ್ರು?"

"ಖೀರು ಭಾಳ ರುಚಿ ಆಗ್ಯಾದ ಅಂದ್ರು. ಗ್ವಾಡಿ ಬಣ್ಣ ಛಲೋ ಅದ ಅಂದ್ರು. ಮಲ್ಲಿಗಿ ಬಳ್ಳಿ ನೋಡಿ, ಇದಕ್ಕೇನು ಗೊಬ್ಬರ ಹಾಕ್ತೀರಿ ಅಂತ ಕೇಳಿದ್ರು. ಆಮ್ಯಾಲ ಬಸ್ ಎಷ್ಟೊತ್ತಿಗೆ ಅದ ಅಂದ್ರು."

"ಹುಡುಗಿ ಬಗ್ಗೆ?"

ಚಾಚಾ ಅನ್ನ ಕಲಸೋದು ನಿಲ್ಲಿಸಿ ನನ್ನ ನೋಡಿದ. "ಅರೇ ಬೇಟಾ, ಹೇಳಿದ್ನಲ್ಲ. ಬಳ್ಳಿಗೆ ಏನ್ ಗೊಬ್ಬರ ಅಂತ ಕೇಳಿದ್ರು."

"ಬ್ಯಾಡ ಅಂತ ಅಂದಿಲ್ಲಲ್ಲ ಮತ್ತ?"

"ಬ್ಯಾಡ ಅಂತ ಯಾವಾಂವ ಅಂತಾನೋ ಹುಚ್ಚ! ಹುಡುಗಿ ಎದುರಿಗೆ ನಿಂತಾಳ, ಕೈಯಾಗ ಚಾದ ತಾಟ ಅದ. ಆಕಿ ಮಾರಿ ಮುಂದ ಬ್ಯಾಡ ಅಂತಾರೇನು? ಬಳ್ಳಿ ಛಲೋ ಅದ ಅಂತಾರ. ಬಳ್ಳಿ ಛಲೋ ಅದ ಅಂದ ಕೂಡ್ಲೆ ನಮ್ಮ ತಂಗಿ ಒಳಗ ಹೋಗಿ ಅತ್ತುಬಿಟ್ಳು. ನಿಮ್ಮಾಗೂ ಹಂಗೇ ಅಲ್ಲೇನು?"

ನಮ್ಮಾಗೂ ಹಂಗೇ. ನಮ್ಮ ಅಣ್ಣಗ ಕನ್ಯಾ ನೋಡಾಕ ಹೋದಾಗ ನಮ್ಮವ್ವ, ಹೆಣದ ಅಂಗಿ ಅಂದ ಅದೇ ನಮ್ಮವ್ವ, ಹುಡುಗಿ ನೋಡಿ ಮನಸಿಗೆ ಬರದ, "ನಿಮ್ಮ ಎಮ್ಮಿ ಎಷ್ಟು ಹಾಲು ಹಿಂಡ್ತದರಿ? ಮೈ ಛಲೋ ತುಂಬ್ಯಾದ ನೋಡ್ರಿ" ಅಂದಿದ್ಳು. ಹುಡುಗಿ ಅಪ್ಪ ನಮಗ ಎಲಿ ಅಡಕಿ ಕೊಟ್ಟು ಕಳಿಸಿದ್ದ. ಯಾರೂ ಯಾರಿಗೂ ಅರ್ಥ ಹೇಳಲಿಲ್ಲ. ಎಲ್ಲಾರಿಗೂ ತಿಳೀತು.

ನನ್ನ ಕೈಯಾಗ ತುತ್ತು ಹಂಗೇ ಉಳೀತು. ಬೇವಿನ ಗಿಡ ಎಷ್ಟು ಛಲೋ ಅದಲ್ಲ.

ನಾವು ಜೀವನದಾಗ ಮೂರೋ ನಾಕೋ ಸಲ, ಕನ್ಯಾ ನೋಡಾಕ ಹೋದಾಗ ಅಷ್ಟೇ, ಹಂಗ ಮಾತಾಡ್ತೀವಿ. ಇಂಗ್ಲಿಷ್ ಮಂದಿ ದಿನಾ ಹಂಗೇ ಮಾತಾಡ್ತಾರ. ಹುಟ್ಟಿದಾಗಿಂದ ಸಾಯೋತನಕ ಯಾರದೋ ಪಡಸಾಲಿಯಾಗ ಕನ್ಯಾ ನೋಡಾಕ ಕುಂತಂಗ. ನೆಲ್ಲಿನ ಮುಂದ, ಚಟ್ನಿ ಮುಂದ, ಕಾಲುವಿ ಮುಂದ, ಎಲ್ಲಾ ಕಡಿ ಎದುರಿಗೆ ಒಂದು ಹುಡುಗಿ ಚಾದ ತಾಟ ಹಿಡಕೊಂಡು ನಿಂತಂಗ. ಮೇಡಂ ಮೊದಲ ದಿನದಿಂದ ಅಂದದ್ದೆಲ್ಲ ತಲಿಯೊಳಗ ಸಾಲು ಹಿಡಿದು ಬಂತು. ಇಂಟರೆಸ್ಟಿಂಗ್ ಅಂದಿದ್ರು. ನಿಮಗ ನಿಮ್ಮ ಕಾರಣ ಇರ್ತಾವ ಅಂದಿದ್ರು. ಒಂದು ಚೂರು ಕಾಳಜಿ ಆಗ್ತದ ಅಂದಿದ್ರು. ನಾ ಎಲ್ಲಾಕೂ ಹಾರ ಹಾಕಿ, ಕುಂಕುಮ ಹಚ್ಚಿ, ಹೌದು ಅಂತ ಮಾಡಿ ಮಂದಿಗೆ ಕೊಟ್ಟಿದ್ನಿ.

"ಖಾವೋ ಬೇಟಾ, ಯಾಕ?" ಅಂದ ಚಾಚಾ.

"ಚಾಚಾ, ಪಂಕ್ಚರ್," ಅಂದೆ.

ಊಟ ಮುಗಿಸಿ ಜೀಪ್ ಹತ್ತಿದ ಮ್ಯಾಲ ಮೇಡಂನ ಕೇಳಿದ್ನಿ. ನನ್ನ ಇಂಗ್ಲಿಷಿನಾಗ ಸುತ್ತಿ ಬಳಸೋ ಅಷ್ಟು ಸಾಮಾನು ಇರಲಿಲ್ಲ, ಅದೊಂದು ಛಲೋ ಆಯ್ತು. "ಮೇಡಂ, ಮೈ ಆಂಟಿ ವಿಲೇಜ್. ವಾಟರ್. ಯೆಸ್ ಆರ್ ನೋ?"

ಮೇಡಂ ಬೆಚ್ಚಿದ್ರು. ಸಂತಿಯೊಳಗ ಯಾರೋ ಅವರ ಟೋಪಿ ಕಸಗೊಂಡಂಗ ಮಾರಿ ಮಾಡಿದ್ರು. "ಓ ಡಿಯರ್," ಅಂದ್ರು. "ನೋ. ಗುಡ್ನೆಸ್, ನೋ. ಬಟ್ ಐ ಡಿಡ್ ಸೇ." ನಾ ಅವತ್ತೇ ಹೇಳಿದ್ನಲ್ಲ ಅಂತ. ಅಷ್ಟೇ ಅಲ್ಲ, ಅವತ್ತು ಜರಾ ಕಠೋರ ಆಗಿ ಹೇಳಿಬಿಟ್ನೇನೋ, ಪಾಪ ಆ ಹೆಣ್ಣುಮಗಳ ಮನಸಿಗೆ ಎಷ್ಟು ಪೆಟ್ಟಾಯ್ತೋ ಅಂತ ಅವರಿಗೆ ಇಷ್ಟು ದಿನವೂ ಒಳಗೊಳಗ ಚುಚ್ಚಾಕತ್ತಿತ್ತಂತ.

ಅವರ ಲೆಕ್ಕದಾಗ ಅವರು ನಮ್ಮತ್ತಿಗೆ ಕಪಾಳಕ್ಕ ಹೊಡೆದಿದ್ರು. ನನ್ನ ಲೆಕ್ಕದಾಗ ಅವರು ಆರತಿ ಎತ್ತಿದ್ರು. ನಡುವ ಅತ್ತಿ ಸಸಿ ಮಡಿ ಮಾಡಿದ್ಳು.

"ಚಟ್ನಿ?" ಅಂತ ಕೇಳಿದ್ನಿ, ಎಲ್ಲಾನೂ ಒಮ್ಮೆಗೇ ತಿಳ್ಕೊಂಬಿಡೋಣ ಅಂತ.

ಮೇಡಂ ಕಣ್ಣು ಮುಚ್ಚಿದ್ರು. "ಲೆಟ್ಸ್ ನಾಟ್," ಅಂದ್ರು. ಅದು ಮಾತ್ರ ತಿಳೀತು.

ಚಾಚಾಗ ಹೇಳಿದ್ನಿ. ಅಂವ ಜೀಪು ಕೆಂಭಾವಿ ಕಡಿ ತಿರುವಿದ. ದಾರಿ ಪೂರಾ ಧೂಳು, ಬಿಸಿಲು, ಮೋಡ ಕಟ್ಟೋದು, ಬಿಚ್ಚೋದು. ಆರಿದ್ರಾ ಇನ್ನು ನಾಕು ದಿನ ಉಳಿದಿತ್ತು. ಈ ಮಾತು ತಾನೇ ಹೇಳ್ತೀನಿ, ನಿಮ್ಮ ಭಾಷಾದಾಗೇ ಹೇಳ್ತೀನಿ, ಕಲಿಸು ಅಂತ ಮೇಡಂ ಹಟ ಹಿಡಿದ್ರು. ನಾ ಹೇಳಿಕೊಟ್ನಿ: ನೀರು ಬರಂಗಿಲ್ಲ. ಅವರು ಕಿಟಕಿ ಹೊರಗ ನೋಡ್ಕೊಂತ, "ನೀರೂ ಬರಂಗಿಲ್ಲಾ, ನೀರೂ ಬರಂಗಿಲ್ಲಾ" ಅಂತ ಶುರು ಹಚ್ಚಿದ್ರು. ಹತ್ತು ಸಲ ಆದ ಮ್ಯಾಲ, ಇದರ ಹಿಂದ ಮೆತ್ತಗ ಮಾಡೋ ಒಂದು ಮಾತು ಇಲ್ಲೇನು ಅಂತ ಕೇಳಿದ್ರು. ನಮ್ಮಾಗ ಇಲ್ಲರಿ ಅಂದೆ. ಚಾಚಾ ಬ್ರೇಕು ಒತ್ತಿದಾಗೆಲ್ಲ ಅವರ ವಾಕ್ಯ ಅರ್ಧಕ್ಕ ಮುರೀತಿತ್ತು, 'ನೀರೂ ಬರಂ' ಅಂತ ನಿಲ್ತಿತ್ತು. ಮತ್ತ ಮೊದಲಿಂದ.

ಅತ್ತಿ ಹೊಲದಾಗೇ ಇದ್ಳು. ಸಸಿ ಮಡಿ ಗಿಣಿ ರೆಕ್ಕಿಯಂಗ ಎದ್ದಿತ್ತು. ನಮ್ಮನ್ನ ನೋಡಿ ಕೈ ಒರೆಸಿಕೊಂತ ಬಂದ್ಳು. "ಬಾರೋ ಶ್ಯಾಣ್ಯಾ! ನೋಡು ಹೆಂಗೆದ್ದಾವ. ಮೇಡಂಗೆ ತೋರಿಸು."

"ಅತ್ತಿ, ಸಸಿ ಭಾಳ ಛಲೋ ಬಂದಾವ," ಅಂದೆ. "ಬಣ್ಣ ಎಷ್ಟು ಛಲೋ ಅದ." ಹಿಂದಿಂದ ಚಾಚಾ ಕೆಮ್ಮಿದ. ನನಗೂ ಇಂಗ್ಲಿಷ್ ಬಂದುಬಿಟ್ಟಿತ್ತು, ಬ್ಯಾಡಾದ ಹೊತ್ತಿನಾಗ.

ಮೇಡಂ ಮುಂದ ಬಂದ್ರು. ಟೋಪಿ ತೆಗೆದ್ರು. ಅತ್ತಿ ಕಣ್ಣಾಗ ಕಣ್ಣಿಟ್ಟು, "ನೀರು ಬರಂಗಿಲ್ಲ" ಅಂದ್ರು. ಒಂದು ಉಸಿರು ತಡೆದು, "ಐ ಥಿಂಕ್" ಅಂದ್ರು.

"ಕಡೀಕ ಏನಂದ್ಳು?" ಅತ್ತಿ ನನ್ನ ಕೇಳಿದ್ಳು.

"ಅದೇನಿಲ್ಲ ಅತ್ತಿ. ಅದು ಅವರ ಉಸಿರು." ಆ ಹದಿನೈದು ದಿನದಾಗ ನಾ ಬರೋಬ್ಬರಿ ಮಾಡಿದ ತರ್ಜುಮಾ ಅದೊಂದೇ.

ಅತ್ತಿ ಒಮ್ಮೆ ಸಸಿ ಕಡಿ, ಒಮ್ಮೆ ಮೇಡಂ ಕಡಿ ನೋಡಿದ್ಳು. ಆಮ್ಯಾಲ, "ಹೋದ ವಾರ ಬರ್ತದ ಅಂದಾಕಿ ಇವತ್ತು ಬರಂಗಿಲ್ಲ ಅಂತಾಳಲ್ಲ, ಇದ್ಯಾವ ಮಾತು?" ಅಂದ್ಳು.

ಇಲ್ಲಿ ನಾ ಸುಮ್ಮನಿರಬಹುದಿತ್ತು. ಮೇಡಂ ವಾರೊಪ್ಪತ್ತಿನಾಗ ಊರಿಗೆ ಹೋಗೋರು, ಬೈಸಿಕೊಂಡ್ರೂ ಅವರಿಗೆ ಕೇಳಿಸ್ತಿದ್ದಿಲ್ಲ. ಖರೇ ಹೇಳ್ತೀನಿ, ಆ ವಿಚಾರ ಬಂದು ನನ್ನ ನಾಲಿಗಿ ತುದಿ ಮ್ಯಾಲ ಕುಂತಿತ್ತು. ಆದ್ರ ಮೇಡಂ ಟೋಪಿ ಎರಡೂ ಕೈಯಾಗ ಹಿಡಕೊಂಡು ಬಿಸಿಲಾಗ ನಿಂತಿದ್ರು.

"ಆವತ್ತೂ ಅವರು ಬರಂಗಿಲ್ಲ ಅಂತನೇ ಅಂದಿದ್ರು ಅತ್ತಿ. ಬರ್ತದ ಅಂದಾಂವ ನಾನು."

"ಯಾಕಂದಿ?"

"ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳಾಕ ನಾಚಿಕಿ ಆಯ್ತು."

"ನಿನ್ನ ನಾಲಿಗಿ ಮ್ಯಾಲ ಕೂರಿಗಿ ಹೂಡ್ಲಿ," ಅಂದ್ಳು ಅತ್ತಿ. ಜೋರಾಗಿ ಅಂದಿದ್ರ ತಡಕೊಳ್ತಿದ್ನಿ. ಮೆತ್ತಗ ಅಂದ್ಳು, ದಣಿದು ಬಂದು ಕುಂತವರು ನೀರು ಕೇಳಿದಂಗ. ಆಮ್ಯಾಲ ಸೆರಗು ಸಿಗಿಸಿಕೊಂಡು ಮೊದಲನೇ ಮನಿ ಕಡಿ ನಡೆದ್ಳು. ನಾ ಹಿಂದ ಹೋದೆ.

ಆರೂ ಮನಿ ತಿರುಗಿದ್ವಿ. ಎಲ್ಲಾ ಕಡಿ ಅತ್ತಿ ಅಂದದ್ದು ಒಂದೇ: "ನನ್ನ ಮಾತಿಗೆ ಸಸಿ ಹಾಕಿದ್ರಿ, ನನ್ನ ಮಾತಿಗೆ ಕೀಳ್ರಿ. ನೀರು ಬರಂಗಿಲ್ಲ." ನನ್ನ ಹೆಸರು ತೆಗೀಲಿಲ್ಲ. ಮಂದಿ ಆಕಿಗೆ ಅಂದದ್ದೆಲ್ಲ ನಾ ಕೇಳಿದ್ನಿ, ಅದರಾಗ ಒಂದೂ ತರ್ಜುಮಾ ಬೇಕಾಗಿದ್ದಿಲ್ಲ. "ಮನಿ ಹತ್ತಿ ಇಳಿದು ಕಾಲು ಹಿಡಿದಾಗ ಬುದ್ಧಿ ಎಲ್ಲಿತ್ತವ್ವಾ?" ಅಂದ್ರು. ಒಬ್ಬಾಂವ ನಾ ಕೀಳಂಗಿಲ್ಲ, ನೀರು ಬಂದೇ ಬರ್ತದ ಅಂತ ಕಟ್ಟಿ ಮ್ಯಾಲ ಕುಂತುಬಿಟ್ಟ. ನಾಲ್ಕನೇ ಮನ್ಯಾಗ ನಾ ಬಾಯಿ ತೆರೆದು, "ತಪ್ಪು ನಂದು" ಅಂದೆ. ಅತ್ತಿ ತಿರುಗಿ, "ನೀ ಬಾಯಿ ಮುಚ್ಚು. ನಿನ್ನ ಬಾಯಿಂದ ಬಂದದ್ದು ಸಾಕು" ಅಂದ್ಳು. ಕಡೀಕ ಮುದುಕಪ್ಪನೇ ಕಟ್ಟಿ ಮ್ಯಾಲ ಕುಂತಾಂವನ ಬಾಜೂಕ ಹೋಗಿ ಕುಂತು, "ಏಳೋ, ನೀರು ಬಂತು ಅಂತನೇ ತಿಳಿ, ನಿನ್ನೊಬ್ಬನ ನೆಲ್ಲಿಗೆ ನಮ್ಮ ಆರು ಹೊಲ ಕೊಳಿಬೇಕೇನು?" ಅಂದ. ಹಟ ಹಿಡಿದಾಂವ ಇನ್ನೊಂದು ತಾಸು ಕೂತಿದ್ದ. ಎದ್ದ.

ಮರುದಿನ ಅತ್ತಿ ತನ್ನ ಸಸಿ ಮಡಿಯೊಳಗ ಎಮ್ಮಿ ಬಿಟ್ಳು. ಎಮ್ಮಿ ಮೇಯೋದನ್ನ ನಿಂತು ನೋಡಿದ್ಳು, ಅರ್ಧಕ್ಕ ಮನಿಗೆ ಹೋದ್ಳು. ನಾ ಮೇಡಂಗೆ ಹೇಳಿ ಕೆಲಸ ಬಿಟ್ಟು ಅಲ್ಲೇ ಉಳಿದ್ನಿ. ಅವರಿಗೆ ಜ್ವರ ಇಳಿದ ಹಳೇ ದುಭಾಷಿ ಸಿಕ್ಕ. ಹೋಗುವಾಗ ಮೇಡಂ ನನ್ನ ಕೈ ಹಿಡಿದು, ನಿನ್ನ ಕೂಡ ಕೆಲಸ ಮಾಡಿದ್ದು ಮರೆಯೋವಂಥಾದ್ದಲ್ಲ ಅಂದ್ರು. ನಾ ಅದರ ಅರ್ಥ ಹುಡುಕಾಕ ಹೋಗಲಿಲ್ಲ.

ನಾಕು ದಿನ ಏಳು ಹೊಲ ತೊಗರಿ ಬಿತ್ತಿದ್ವಿ. ನಾ ಹಿಡಿದ ಕೂರಿಗಿ ಯಾವ ಕಡಿ ಹೋಗ್ತದ ಅಂತ ಎತ್ತಿಗೂ ಗೊತ್ತಿದ್ದಿಲ್ಲ. ಅಂಗೈಯಾಗ ಬೊಬ್ಬಿ ಎದ್ದು, ಒಡೆದು, ಮತ್ತ ಎದ್ದವು. ಕಡೀ ಹೊಲ ಮುಗಿಯೋದ್ರೊಳಗ ಆರಿದ್ರಾ ದಾಟಿ ಒಂದೂವರೆ ದಿನ ಆಗಿತ್ತು. ಅದು ಅತ್ತೀದೇ ಹೊಲ. ಉಳಿದವರದು ಮೊದಲು ಮುಗೀಲಿ ಅಂತ ತನ್ನದು ಕಡೀಕ ಇಟ್ಟುಕೊಂಡಿದ್ಳು.

ನೀರು ಬರಲಿಲ್ಲ. ಕಾಲುವಿಯೊಳಗ ಜಾಲಿ ಇನ್ನೂ ಎತ್ತರ ಆಯ್ತು. ಏಳು ಮನಿ ತೊಗರಿ ಬಂತು, ಆರು ಮನೀದು ಹೇಳ್ಕೊಳ್ಳೋ ಅಷ್ಟು, ಅತ್ತೀದು ತೆಳ್ಳಗ. ಕೊಯ್ಲಿಗೆ ಕರೀದಿದ್ರೂ ಹೋದೆ. ಅತ್ತಿ ಹೊಲದ ದಂಡಿಯಾಗ ನಿಂತಿದ್ಳು. ಒಂದು ಕಾಯಿ ಹರಿದು ಅಂಗೈಯಾಗ ತಿಕ್ಕಿ, ಹೊಟ್ಟು ಊದಿ, ಕೈ ನನ್ನ ಮುಂದ ಹಿಡಿದ್ಳು.

"ಎರಡು ಕಾಳು," ಅಂದ್ಳು. "ನಾಕು ಇರಬೇಕಿತ್ತು."

"ಹೌದತ್ತಿ," ಅಂದೆ.

ಕುಡಗೋಲು ನನ್ನ ಕೈಯಾಗ ಇಟ್ಳು. ಸಾಲು ಉದ್ದ ಇದ್ವು. ಬಗ್ಗಿದ್ನಿ.